ಬೆಲ್ಟಿನ ಮೇಲೆ ಬಂದ ಅಕ್ಕನ ಪೆಟ್ಟಿಗೆ

ವಿಮಾನದಿಂದ ಇಳಿದವರು ತಮ್ಮ ಪೆಟ್ಟಿಗೆಗೋಸ್ಕರ ಕತ್ತು ಉದ್ದ ಮಾಡಿಕೊಂಡು ಕಾಯುತ್ತಾರಲ್ಲ, ಆ ಹೊತ್ತಿನಲ್ಲಿ ಪೆಟ್ಟಿಗೆಗಳು ಎಲ್ಲಿರುತ್ತವೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಡವಾದರೆ ನಾಲ್ಕು ಮಾತು ಬೈಯುತ್ತಾರೆ, ಅಷ್ಟೆ. ಅವು ಕೆಳಗಿರುತ್ತವೆ. ಕಿಟಕಿಯೇ ಇಲ್ಲದ ಒಂದು ಉದ್ದನೆಯ ನೆಲಮಾಳಿಗೆಯಲ್ಲಿ, ರಬ್ಬರ್ ಬೆಲ್ಟಿನ ಮೇಲೆ ಸಾಲಾಗಿ ಮಲಗಿ, ಎಕ್ಸ್‌ರೇ ಯಂತ್ರದ ಈ ಬಾಯಲ್ಲಿ ಹೋಗಿ ಆ ಬಾಯಲ್ಲಿ ಬರುತ್ತಿರುತ್ತವೆ. ಯಂತ್ರದ ಪಕ್ಕ ಒಂದು ಕುರ್ಚಿ, ಕುರ್ಚಿಯ ಬೆನ್ನಿಗೆ ಮನೆಯಿಂದ ತಂದ ಒಂದು ದಿಂಬು, ದಿಂಬಿಗೆ ಒರಗಿ ನಮ್ಮ ಈ ಮನುಷ್ಯ. ಕಸ್ಟಮ್ಸ್ ಇಲಾಖೆಗೆ ಸೇರಿದಾಗ ಅವನ ತಲೆ ತುಂಬ ಕೂದಲಿತ್ತು. ಈಗ ಅದೂ ಸುಂಕ ಕಟ್ಟಿ ಹೊರಟುಹೋಗಿದೆ.

ಇಲಾಖೆಯಲ್ಲಿ ಅವನನ್ನು ಎಲ್ಲರೂ ಸೀಮೆಸುಣ್ಣ ಎಂದೇ ಕರೆಯುವುದು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿದೆ. ಕೆಲಸವೇ ಅಂಥದ್ದು. ಪೆಟ್ಟಿಗೆಯ ಹೊಟ್ಟೆಯಲ್ಲಿರುವುದೆಲ್ಲ ಪರದೆಯ ಮೇಲೆ ಬಣ್ಣಬಣ್ಣವಾಗಿ ಕಾಣುತ್ತದೆ. ಬಟ್ಟೆಬರೆ ಕಿತ್ತಳೆ ಬಣ್ಣದಲ್ಲಿ, ಲೋಹ ನೀಲಿಯಲ್ಲಿ, ಯಂತ್ರದ ಕಣ್ಣಿಗೂ ಬಗ್ಗದ ದಪ್ಪ ಸಾಮಾನು ಕಪ್ಪಗೆ. ತೆಗೆಸಿ ನೋಡಬೇಕು ಅನ್ನಿಸಿದರೆ ಬೆಲ್ಟು ನಿಲ್ಲಿಸಿ, ಎದ್ದು ಹೋಗಿ, ಪೆಟ್ಟಿಗೆಯ ಹಿಡಿಯ ಪಕ್ಕ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯಬೇಕು. ಮೇಲೆ ಹೊರಬಾಗಿಲ ಬಳಿ ಮೇಜು ಹಾಕಿಕೊಂಡು ಕೂತ ಅಧಿಕಾರಿ ಆ ಗೀಟು ನೋಡಿ ಜನರನ್ನು ಪಕ್ಕಕ್ಕೆ ಕರೆಯುತ್ತಾರೆ. ಗೀಟು ಎಳೆದವನು ಯಾರೆಂದು ಪೆಟ್ಟಿಗೆಯವರಿಗೆ ಗೊತ್ತಿಲ್ಲ, ಪೆಟ್ಟಿಗೆಯವರು ಯಾರೆಂದು ಗೀಟು ಎಳೆದವನಿಗೆ ಗೊತ್ತಿಲ್ಲ. ಈ ಏರ್ಪಾಡು ಸೀಮೆಸುಣ್ಣನಿಗೆ ಬಹಳ ಹಿಡಿಸಿತ್ತು.

ಹೊಸದರಲ್ಲಿ ಅವನನ್ನೂ ಮೇಜಿಗೇ ಹಾಕಿದ್ದರು. ಎದುರಿಗೆ ನಿಂತವರ ಮುಖ ನೋಡಿ, ಇದೇನು, ಅದೇನು, ಯಾರಿಗೆ, ಎಷ್ಟಕ್ಕೆ ಕೊಂಡಿರಿ ಎಂದು ಕೇಳುವ ಕೆಲಸ. ಅದು ಅವನ ಜಾಯಮಾನಕ್ಕೆ ಒಗ್ಗಲಿಲ್ಲ. ಯಾರಾದರೂ ಕಣ್ಣಲ್ಲಿ ನೀರು ತಂದುಕೊಂಡರೆ ಇವನ ನಾಲಿಗೆ ಒಣಗಿಬಿಡುತ್ತಿತ್ತು. ಮದುವೆಯ ಬಟ್ಟೆ ತಂದಿದ್ದ ಒಬ್ಬ ಮುದುಕಿ ಅತ್ತಾಗ ಇವನೇ ಅವಳಿಗಿಂತ ಹೆಚ್ಚು ಬೆವರಿ, ಹೋಗಮ್ಮಾ ಹೋಗು ಎಂದು ಕಳಿಸಿ, ಮೇಲಿನವರಿಂದ ಚೆನ್ನಾಗಿ ಉಗಿಸಿಕೊಂಡ. ಆಮೇಲೆ ತಾನಾಗಿಯೇ ಬೇಡಿಕೊಂಡು ನೆಲಮಾಳಿಗೆಗೆ ಇಳಿದ. ಒಳ್ಳೆಯ ಮನಸ್ಸಿನವನು ಎಂದು ಜನ ಅಂದುಕೊಂಡರು. ಕೇಳಲಾರದವನನ್ನು ಒಳ್ಳೆಯವನು ಅನ್ನುವುದು ನಮ್ಮ ಜನರ ಹಳೇ ಅಭ್ಯಾಸ.

ಅಲ್ಲಿ ಕೂತು ಕೂತು ಬೆನ್ನು ಬಾಗಿತು, ಕಣ್ಣು ಉರಿಯತೊಡಗಿತು, ಆದರೆ ಒಂದು ವಿದ್ಯೆ ಕೈಗೆ ಹತ್ತಿತು. ಪೆಟ್ಟಿಗೆ ನೋಡಿಯೇ ಬಂದವರು ಎಂಥವರು ಎಂದು ಹೇಳುತ್ತಿದ್ದ. ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಒಂದೇ ಥರದ್ದು ಹತ್ತಾರು ಇರುತ್ತವೆ. ಹತ್ತು ಸೋಪು, ಹತ್ತು ಚಾಕಲೇಟು ಡಬ್ಬಿ, ಬಿಚ್ಚದ ಪೊಟ್ಟಣಗಳು. ಪರದೇಶದ ಸಹವಾಸವೇ ಸಾಕೆಂದು ಗಂಟುಮೂಟೆ ಕಟ್ಟಿಕೊಂಡು ಬಂದವರ ಪೆಟ್ಟಿಗೆಯಲ್ಲಿ ಎಲ್ಲವೂ ಒಂದೊಂದೇ. ಒಂದು ಬಾಣಲೆ, ಒಂದು ಗಡಿಯಾರ, ಒಂದು ಇಸ್ತ್ರಿಪೆಟ್ಟಿಗೆ, ಎಲ್ಲವೂ ಬಳಸಿ ಸವೆದದ್ದು. ಅಂಥ ಪೆಟ್ಟಿಗೆ ಹಾದುಹೋದಾಗ ಅವನು ಸುಮ್ಮನೆ ಒಂದು ಉಸಿರು ಬಿಡುತ್ತಿದ್ದ. ಮುಂದಿನ ಪೆಟ್ಟಿಗೆ ಅಷ್ಟರಲ್ಲಿ ಬಂದಿರುತ್ತಿತ್ತು.

ಅವನಿಗೆ ಒಬ್ಬ ಅಕ್ಕ ಇದ್ದಳು. ಅಮ್ಮ ಹೋದ ಮೇಲೆ ಅವನ ಮೂಗು ಒರೆಸಿದವಳು, ತಲೆ ಬಾಚಿದವಳು, ಕಾಲೇಜು ಬಿಡುತ್ತೇನೆ ಅಂದಾಗ ಕೆನ್ನೆಗೆ ಒಂದು ಬಿಟ್ಟು ವಾಪಸ್ ಕಳಿಸಿದವಳು. ಅವನ ಓದಿಗೆಂದೇ ಪರದೇಶಕ್ಕೆ ಹೋಗಿ ಒಂದು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ನಿಂತಳು. ಓದು ಮುಗಿಯಿತು, ಅವನ ಮದುವೆ ಬಂತು, ಮದುವೆ ಮುಗಿಯಿತು, ಮನೆಯ ಮುಂಗಡ ಬಂತು. ಹೀಗೆ ಒಂದಾದ ಮೇಲೊಂದು ಬರುತ್ತಲೇ ಇದ್ದುದರಿಂದ ಅಕ್ಕ ಅಲ್ಲೇ ಉಳಿದಳು. ಅವಳ ಮದುವೆಯ ಮಾತನ್ನು ಮೊದಮೊದಲು ಎಲ್ಲರೂ ಎತ್ತುತ್ತಿದ್ದರು. ಆಮೇಲೆ ಎತ್ತುವವರೇ ಇಲ್ಲವಾದರು, ತಮ್ಮನೂ ಸೇರಿ.

ಕೆಲವು ವರ್ಷಕ್ಕೊಮ್ಮೆ ಅಕ್ಕ ರಜೆಗೆ ಬರುತ್ತಿದ್ದಳು. ಮನೆಯಲ್ಲಿ ಸಡಗರವೋ ಸಡಗರ. ಮುಂದಿನ ಕೋಣೆಯಲ್ಲಿ ಅವಳಿಗೆ ಹಾಸಿಗೆ, ತಮ್ಮನ ಮಗಳಿಗೆ ಅತ್ತೆ ತಂದ ಬಣ್ಣದ ಪೆನ್ಸಿಲ್ಲು, ತಮ್ಮನ ಹೆಂಡತಿಗೆ ಕೈಚೀಲ. ಹೋಗುವ ದಿನ ಗೊತ್ತಿರುವ ನೆಂಟರ ಮೇಲೆ ಪ್ರೀತಿ ಉಕ್ಕುವುದಕ್ಕೆ ಏನು ಕಷ್ಟ? ವಿಮಾನ ಹತ್ತಿಸುವಾಗ ಸೀಮೆಸುಣ್ಣ ಕಣ್ಣು ಒರೆಸಿಕೊಳ್ಳುತ್ತಿದ್ದ. ಆ ಕಣ್ಣೀರು ನಿಜವಾದದ್ದೇ, ಅದರಲ್ಲಿ ನಾಟಕವಿರಲಿಲ್ಲ.

ಈ ಸಲ ಅಕ್ಕ ಫೋನು ಮಾಡಿದಾಗ ಬೇಕರಿ ಯಜಮಾನನಿಗೆ ವಯಸ್ಸಾಯಿತೆಂದೂ ಅವನು ಅಂಗಡಿ ಮುಚ್ಚುತ್ತಿದ್ದಾನೆಂದೂ ಹೇಳಿದಳು. ಆಮೇಲೆ ತಾನು ಬರುತ್ತಿದ್ದೇನೆ ಎಂದಳು. ಎಷ್ಟು ದಿನಕ್ಕೆ ಎಂದು ಅವಳೂ ಹೇಳಲಿಲ್ಲ. ಕೇಳುವ ಮಾತು ಇವನ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಟ್ಟಿತು. ಹೇಗೆ ಕೇಳುತ್ತಾನೆ? ತನಗೆ ಅನ್ನ ಹಾಕಿದವಳನ್ನು, ಯಾವಾಗ ಹೋಗುತ್ತೀಯ ಎಂದು ಕೇಳುವುದೇ?

ಮನೆಯ ಸ್ಥಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಎರಡೇ ಕೋಣೆ. ಮಗಳಿಗೆ ದೊಡ್ಡ ಪರೀಕ್ಷೆ. ಮುಂದಿನ ಕೋಣೆಯ ನೆಲವೆಲ್ಲ ಪುಸ್ತಕ, ಕಾಲಿಡುವುದಕ್ಕೂ ಅವಳ ಅಪ್ಪಣೆ ಬೇಕು. ಹೆಂಡತಿ ಒಬ್ಬ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು, ದಿನವಿಡೀ ಹಲ್ಲುನೋವಿನವರ ಗೊಣಗಾಟ ಕೇಳಿ ಮನೆಗೆ ಬರುತ್ತಿದ್ದಳು. ಹಾಸಿಗೆ ಹಿಡಿದ ಅವಳ ತಾಯಿಯನ್ನು ವರ್ಷಗಟ್ಟಲೆ ಇದೇ ಮನೆಯಲ್ಲಿಟ್ಟುಕೊಂಡು ನೋಡಿಕೊಂಡು, ಆ ಜೀವ ಹೋಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಇನ್ನು ಯಾರದ್ದೇ ಚಾಕರಿ ಮಾಡುವ ಶಕ್ತಿ ತನ್ನಲ್ಲಿಲ್ಲ ಎಂದು ಅವಳು ಒಮ್ಮೆ ಅಂದಿದ್ದಳು. ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಅಂದದ್ದಲ್ಲ, ದಣಿದು ಅಂದದ್ದು. ಸೀಮೆಸುಣ್ಣ ಆ ಮಾತನ್ನು ಗಂಟು ಹಾಕಿಕೊಂಡ.

ಅಕ್ಕ ಬರುವ ದಿನ ಮಧ್ಯಾಹ್ನ ಅವನದೇ ಪಾಳಿ. ಮನೆಯವರ ಪೆಟ್ಟಿಗೆ ಬಂದರೆ ಮೇಲಿನವರಿಗೆ ತಿಳಿಸಿ ಕುರ್ಚಿ ಬಿಟ್ಟು ಏಳಬೇಕು ಎಂಬುದು ಇಲಾಖೆಯ ನಿಯಮ. ಎದ್ದರೆ ಕೂರುವವರು ಯಾರು? ಅರ್ಧಕ್ಕರ್ಧ ಜನ ರಜೆಯ ಮೇಲಿದ್ದರು, ಇದ್ದವರು ಊಟಕ್ಕೆ ಹೋಗಿದ್ದರು. ಅಕ್ಕನ ಪೆಟ್ಟಿಗೆಯಲ್ಲಿ ಏನು ತಾನೇ ಇರುತ್ತದೆ, ಸೋಪು ಚಾಕಲೇಟು ಎಂದುಕೊಂಡು ಅವನು ಅಲ್ಲೇ ಕೂತ.

ಪೆಟ್ಟಿಗೆ ಬಂದಾಗ ದೂರದಿಂದಲೇ ಗುರುತು ಸಿಕ್ಕಿತು. ನೀಲಿ ಪೆಟ್ಟಿಗೆ, ಒಂದು ಮೂಲೆ ಒಡೆದು ಅಂಟುಪಟ್ಟಿ ಹಾಕಿದ್ದು. ಹೋದ ಸಲ ಆ ಪಟ್ಟಿ ಸುತ್ತಿದವನು ಇವನೇ. ಪೆಟ್ಟಿಗೆ ಯಂತ್ರದೊಳಕ್ಕೆ ಹೋಯಿತು. ಪರದೆ ತುಂಬಿಕೊಂಡಿತು. ಸೀಮೆಸುಣ್ಣ ಬೆಲ್ಟು ನಿಲ್ಲಿಸಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಒಂದು ಬಾಣಲೆ. ಒಂದು ಗೋಡೆ ಗಡಿಯಾರ. ಒಂದು ಇಸ್ತ್ರಿಪೆಟ್ಟಿಗೆ. ಒಂದು ಮೇಜಿನ ದೀಪ, ಅದರ ವೈರು ನೀಟಾಗಿ ಸುತ್ತಿದ್ದು. ಫೋಟೋದ ಚೌಕಟ್ಟು ಒಂದು. ನಡುವೆ, ದಪ್ಪ ಕೋಟಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿಟ್ಟ ಒಂದು ಕಪ್ಪು ಮುದ್ದೆ, ಅದರ ಪಕ್ಕದಲ್ಲಿ ಕಬ್ಬಿಣದ ದೊಡ್ಡ ಕೊಕ್ಕೆ. ಹಿಟ್ಟು ನಾದುವ ಮಷೀನು. ಬೇಕರಿಯಲ್ಲಿ ಅದರ ಪಕ್ಕ ನಿಂತು ತೆಗೆಸಿದ ಅಕ್ಕನ ಫೋಟೋ ಮನೆಯ ಗೋಡೆಯ ಮೇಲೇ ಇತ್ತು.

ಅಕ್ಕ ಬಂದೇಬಿಟ್ಟಿದ್ದಾಳೆ.

ಮೊದಲು ಅವನಿಗೆ ಏನನ್ನಿಸಿತು ಎಂದರೆ, ಸುಸ್ತು. ಸಂತೋಷವಲ್ಲ, ಸಿಟ್ಟೂ ಅಲ್ಲ. ಮುಂದಿನ ಕೋಣೆ, ಮಗಳ ಪುಸ್ತಕ, ಹೆಂಡತಿಯ ಬಿಗಿದ ತುಟಿ, ಒಂದೇ ಬಚ್ಚಲುಮನೆ, ಎಲ್ಲ ಒಟ್ಟಿಗೆ ಹೆಗಲ ಮೇಲೆ ಬಂದು ಕೂತ ಹಾಗಾಯಿತು. ಆಮೇಲೆ, ಇಂಥ ಯೋಚನೆ ಬಂತಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಒಬ್ಬ ಮನುಷ್ಯನಿಗೆ ಇವೆರಡೂ ಒಂದೇ ಕ್ಷಣದಲ್ಲಿ ಆಗುತ್ತವೆ. ಆಗುವುದಿಲ್ಲ ಅನ್ನುವವರ ಮನೆಯಲ್ಲಿ ಬಹುಶಃ ಕೋಣೆಗಳು ಜಾಸ್ತಿ ಇರುತ್ತವೆ.

ಹಾಗೇ ಬಿಟ್ಟುಬಿಟ್ಟಿದ್ದರೆ ಪೆಟ್ಟಿಗೆ ತನ್ನ ಪಾಡಿಗೆ ಮೇಲೆ ಹೋಗುತ್ತಿತ್ತು. ಅಕ್ಕ ಅದನ್ನು ಎಳೆದುಕೊಂಡು ಹೊರಗೆ ಬರುತ್ತಿದ್ದಳು. ಸೀಮೆಸುಣ್ಣ ಕೈಗೆ ಸೀಮೆಸುಣ್ಣ ತೆಗೆದುಕೊಂಡು ಎದ್ದ. ಕಪ್ಪು ಮುದ್ದೆ ಕಂಡರೆ ಗೀಟು ಹಾಕಬೇಕು, ಅದು ಕೆಲಸ ಎಂದು ತನಗೆ ತಾನೇ ಹೇಳಿಕೊಂಡ. ಸುಳ್ಳು. ಅವನ ತಲೆಯಲ್ಲಿ ಇದ್ದದ್ದೇ ಬೇರೆ. ಗೀಟು ಇದ್ದರೆ ಮೇಜಿಗೆ ಕರೆಯುತ್ತಾರೆ. ಮೇಜಿನಲ್ಲಿ ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆಯೇ, ರಜೆಗೆ ಬಂದಿರೋ, ಇಲ್ಲಾ ವಾಪಸ್ ಬಂದೇಬಿಟ್ಟಿರೋ ಎಂಬುದು. ಬಂದೇಬಿಟ್ಟವರು ತಾವು ಬಳಸಿದ ಸಾಮಾನಿಗೆ ಸುಂಕ ಕಟ್ಟಬೇಕಿಲ್ಲ, ಅದಕ್ಕೆ ಆ ಪ್ರಶ್ನೆ. ತಾನು ಫೋನಿನಲ್ಲಿ ಕೇಳಲಾರದ್ದನ್ನು, ಮನೆಯಲ್ಲಿ ಕೇಳಲಾರದ್ದನ್ನು, ಇಲಾಖೆಯೇ ಕೇಳಿಬಿಡಲಿ. ಅಕ್ಕ ಅಧಿಕಾರಿಗೆ ಹೇಳಿದ್ದು ತನ್ನ ಕಿವಿಗೂ ಬಿದ್ದರೆ ಸಾಕು. ಇಂಥ ಬುದ್ಧಿ ಬೇರೆ ಯಾರಿಗಾದರೂ ಹೊಳೆಯುತ್ತದೆಯೇ? ಜೀವಮಾನವೆಲ್ಲ ಕಸ್ಟಮ್ಸಿನಲ್ಲಿ ಕಳೆದವನಿಗೇ ಹೊಳೆಯಬೇಕು. ಅವನು ಬಗ್ಗಿ ಹಿಡಿಯ ಪಕ್ಕ ಗೀಟು ಎಳೆದ. ಊಟ ಮುಗಿಸಿ ಬಂದವನಿಗೆ ಕುರ್ಚಿ ಕೊಟ್ಟು ಮೆಟ್ಟಿಲು ಹತ್ತಿದ.

ಮೇಜಿನಲ್ಲಿದ್ದವರು ಒಬ್ಬ ಹೆಂಗಸು, ಎಲ್ಲರ ಬಾಯಲ್ಲಿ ಮೇಡಂ. ಇಡೀ ದಿನ ನಿಂತು ಮಂಡಿ ಊದಿಸಿಕೊಂಡು, ಕೆಟ್ಟದ್ದು ಒಳ್ಳೆಯದ್ದು ಎರಡಕ್ಕೂ ಒಂದೇ ದನಿಯಲ್ಲಿ ಮಾತಾಡುವವರು. ಸೀಮೆಸುಣ್ಣ ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತ. ಅಕ್ಕ ಬಂದಳು. ಹೋದ ಸಲಕ್ಕಿಂತ ಗಿಡ್ಡಗಾದ ಹಾಗೆ ಕಂಡಳು, ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದಳು. ಮೇಡಂ ಗೀಟು ನೋಡಿ ಕರೆದರು. ಅಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲೆ ಎತ್ತಿಡಲು ಒದ್ದಾಡುತ್ತಿದ್ದಳು. ಇವನು ಹೋಗಿ ಕೈ ಹಾಕಬಹುದಿತ್ತು. ಹಾಕಲಿಲ್ಲ.

ಕೋಟು ಬಿಚ್ಚಿದಾಗ ಮಷೀನು ಹೊರಗೆ ಬಂತು. ಹಳೆಯದು, ಬಿಳಿ ಬಣ್ಣ ಅಲ್ಲಲ್ಲಿ ಎದ್ದು ಹೋಗಿದೆ, ಆದರೆ ಉಜ್ಜಿ ಉಜ್ಜಿ ಫಳಫಳ ಅನ್ನುತ್ತಿದೆ. ಅಂಗಡಿ ಮುಚ್ಚುವಾಗ ಯಜಮಾನ ಕೊಟ್ಟದ್ದು ಎಂದು ಅಕ್ಕ ವಿವರಿಸಿದಳು. ಮೇಡಂ ನಿಯಮ ಒಪ್ಪಿಸಿದರು: ಬಂದೇಬಿಟ್ಟಿದ್ದರೆ ತೊಂದರೆ ಇಲ್ಲ, ತೆಗೆದುಕೊಂಡು ಹೋಗಬಹುದು. ರಜೆಗಾದರೆ ಸುಂಕ ಕಟ್ಟಬೇಕು, ಇಲ್ಲವೇ ಇಲ್ಲಿನ ಉಗ್ರಾಣದಲ್ಲಿ ಬಿಟ್ಟು ವಾಪಸ್ ಹೋಗುವಾಗ ತೆಗೆದುಕೊಳ್ಳಬೇಕು.

"ಯಾವುದು ಹೇಳಿ. ರಜೆಗೆ ಬಂದ್ರಾ, ಬಂದೇಬಿಟ್ರಾ?"

ಅಕ್ಕ ಉತ್ತರಕ್ಕೆಂದು ತಲೆ ಎತ್ತಿದಳು. ಆಗ ಕಂಬದ ಪಕ್ಕ ನಿಂತ ತಮ್ಮ ಕಂಡ. ಒಂದು ಗಳಿಗೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಅಕ್ಕನ ಮುಖದ ತುಂಬ ನಗು ಬಂತು, ಆಮೇಲೆ ಆ ನಗು ಸ್ವಲ್ಪ ನಿಂತಿತು, ಆಮೇಲೆ ಮತ್ತೆ ಬಂತು.

"ರಜೆಗೆ ಮೇಡಂ," ಎಂದಳು. "ನಮ್ಮ ತಮ್ಮನ್ನ ನೋಡ್ಕೊಂಡು ಹೋಗೋಣ ಅಂತ."

ರಜೆಗೆ ಬರುವವರು ಯಾರಾದರೂ ಇಷ್ಟು ಭಾರದ ಮಷೀನು ಹೊತ್ತು ತರುತ್ತಾರೆಯೇ ಎಂದು ಮೇಡಂಗೂ ಅನ್ನಿಸಿರಬೇಕು. ಅವರು ಪೆಟ್ಟಿಗೆಯ ಗಡಿಯಾರ ನೋಡಿದರು, ದೀಪ ನೋಡಿದರು, ಸೀಮೆಸುಣ್ಣನ ಕಡೆ ನೋಡಿದರು. ಅವನು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಗೋಡೆಯ ಮೇಲಿನ ಪ್ರಕಟಣೆ ಓದತೊಡಗಿದ. ಆ ಪ್ರಕಟಣೆ ಬರೆದು ಅಂಟಿಸಿದವನು ಅವನೇ, ಅದರಲ್ಲಿ ಓದುವುದಕ್ಕೆ ಹೊಸದೇನೂ ಇರಲಿಲ್ಲ. ಮಷೀನಿಗೆ ಒಂದು ಚೀಟಿ ಕಟ್ಟಿ ಉಗ್ರಾಣಕ್ಕೆ ಕಳಿಸಿದರು. ಅಕ್ಕ ಕೋಟನ್ನು ಮತ್ತೆ ಮಡಿಸಿ ಪೆಟ್ಟಿಗೆಯ ನಡುವೆ ಖಾಲಿಯಾದ ಜಾಗದಲ್ಲಿ ಇಟ್ಟಳು.

ಮನೆಯಲ್ಲಿ ಎಲ್ಲರೂ ಎಲ್ಲರ ಜೊತೆ ಬಹಳ ಚೆನ್ನಾಗಿ ನಡೆದುಕೊಂಡರು. ಅದೇ ಕಷ್ಟವಾಯಿತು. ಮಗಳು ಪುಸ್ತಕಗಳನ್ನು ಒಂದು ಮೂಲೆಗೆ ಸರಿಸಿ ಅತ್ತೆಗೆ ಹಾಸಿಗೆ ಹಾಸಿದಳು. ಅತ್ತೆ ಎದ್ದ ತಕ್ಷಣ ಹಾಸಿಗೆ ಸುತ್ತಿಟ್ಟು, ಅಲ್ಲಿ ಯಾರೂ ಮಲಗಿಯೇ ಇರಲಿಲ್ಲ ಎನ್ನುವ ಹಾಗೆ ಮಾಡುತ್ತಿದ್ದಳು. ಪೆಟ್ಟಿಗೆ ಬಾಗಿಲ ಹಿಂದೆ ನಿಂತೇ ಇತ್ತು. ಬೇಕಾದ್ದು ತೆಗೆದು, ಮುಗಿದ ಮೇಲೆ ಅದರಲ್ಲೇ ಇಡುವುದು. ಬಚ್ಚಲುಮನೆಯಲ್ಲಿ ಎಲ್ಲರ ಹಲ್ಲುಜ್ಜುವ ಬ್ರಷ್ಷುಗಳು ಒಂದು ಲೋಟದಲ್ಲಿದ್ದವು. ಅಕ್ಕ ತನ್ನದನ್ನು ಒರೆಸಿ, ಪೊಟ್ಟಣಕ್ಕೆ ಹಾಕಿ, ಮತ್ತೆ ಪೆಟ್ಟಿಗೆಗೆ. ಸೀಮೆಸುಣ್ಣ ಇದನ್ನು ದಿನವೂ ನೋಡಿದ. ಆ ಲೋಟದಲ್ಲಿ ಇನ್ನೊಂದು ಬ್ರಷ್ಷಿಗೆ ಧಾರಾಳ ಜಾಗವಿತ್ತು, ಇಲ್ಲೇ ಇಡು ಅಕ್ಕ ಅನ್ನುವುದಕ್ಕೆ ಗಂಟೇನೂ ಹೋಗುತ್ತಿರಲಿಲ್ಲ. ಅಂದರೆ ಮುಂದಿನ ಮಾತೂ ಬರುತ್ತದಲ್ಲ ಎಂದು ಹೆದರಿ ಬಾಯಿ ಹೊಲಿದುಕೊಂಡ.

ತಿಂಡಿ ಮುಗಿಸಿ, ಪಾತ್ರೆ ತೊಳೆದಿಟ್ಟು, ಸುಮ್ಮನೆ ಹೀಗೇ ತಿರುಗಾಡಿ ಬರುತ್ತೇನೆ ಎಂದು ಅಕ್ಕ ಹೊರಡುವಳು. ಸಂಜೆ ಬರುವಾಗ ಕಾಲು ಊದಿರುತ್ತಿತ್ತು. ಎಲ್ಲಿ ಹೋಗಿದ್ದೆ ಎಂದು ಮಗಳು ಕೇಳಿದರೆ, ಊರು ಎಷ್ಟು ಬದಲಾಗಿದೆ ಅಂತ ನೋಡುತ್ತಿದ್ದೆ ಅನ್ನುವಳು. ಹಳೇ ಗೆಳತಿಯರನ್ನು ಹುಡುಕಿಕೊಂಡು ಹೋಗುತ್ತಿರಬೇಕು ಎಂದು ತಮ್ಮ ಅಂದುಕೊಂಡ. ಅಕ್ಕನಿಗೆ ಈ ಊರಿನಲ್ಲಿ ಯಾವ ಗೆಳತಿಯರಿದ್ದರು ಎಂದು ಯೋಚಿಸಿದ್ದರೆ ಒಬ್ಬಳ ಹೆಸರೂ ಹೊಳೆಯುತ್ತಿರಲಿಲ್ಲ. ಯೋಚಿಸುವ ಗೋಜಿಗೆ ಹೋಗಲಿಲ್ಲ.

ಹೋದ ಸಲಗಳಲ್ಲಿ ಇಷ್ಟು ಹೊತ್ತಿಗೆ ಅಕ್ಕ ವಿಮಾನ ಹತ್ತಿ ಆಗಿರುತ್ತಿತ್ತು. ಒಂದು ಸಂಜೆ ಒಗೆದ ಬಟ್ಟೆ ಮಡಿಸುತ್ತಾ ಹೆಂಡತಿ ಮೆಲ್ಲಗೆ ವಿಷಯ ತೆಗೆದಳು. ಅಕ್ಕ ಯಾವಾಗ ಹೊರಡುತ್ತಾರಂತೆ ಎಂದು ಕೇಳಿದಳು. ತಾನು ಕೇಳಿಲ್ಲ ಎಂದ ಇವನು. ಕೇಳಿ ಎಂದಳು. ನೀನೇ ಕೇಳು ಎಂದ. ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

"ನಿಮ್ಮ ಅಕ್ಕ ಅಲ್ವಾ, ನಾನ್ಯಾಕೆ ಕೇಳ್ಲಿ? ಇಲ್ಲೇ ಇರ್ತಾರೆ ಅಂದ್ರೆ ಇರ್ತಾರೆ ಅಂತ ಹೇಳಿ, ನಾನೇನು ಕುತ್ತಿಗೆ ಹಿಡಿದು ಆಚೆ ಹಾಕ್ತೀನಾ? ಇದ್ದಾರೋ ಹೋಗ್ತಾರೋ ಗೊತ್ತಿಲ್ದೆ ದಿನಾ ನಗ್ತಾ ಇರೋಕೆ ನನಗೆ ಸಾಕಾಗಿದೆ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಇನ್ನೇನು ಬೇಕಿತ್ತು? ಎದ್ದು ಮುಂದಿನ ಕೋಣೆಗೆ ಹೋಗಿ ಎರಡು ಮಾತು ಆಡಿದ್ದರೆ ಸಾಕಿತ್ತು. ಇಷ್ಟು ದಿನ ಹೆಂಡತಿಯನ್ನು ಅಡ್ಡ ಇಟ್ಟುಕೊಂಡು ತಪ್ಪಿಸಿಕೊಂಡಿದ್ದ, ಈಗ ಆ ಅಡ್ಡವೂ ಸರಿದುಹೋಯಿತು. ಬೇಡ ಅನ್ನುತ್ತಿದ್ದದ್ದು ಅವಳಲ್ಲ, ತಾನೇ ಎಂದು ಅವನಿಗೆ ಗೊತ್ತಾಯಿತು. ಗೊತ್ತಾದದ್ದನ್ನು ಮರೆಯುವುದಕ್ಕೆ ಬೇಗ ಮಲಗಿದ.

ಉಗ್ರಾಣದ ಮುಂದೆ ಹಾದೇ ಅವನು ನೆಲಮಾಳಿಗೆಗೆ ಇಳಿಯಬೇಕು. ಜಾಲರಿ ಬಾಗಿಲಿನ ಆಚೆ ಮಷೀನು ಕಾಣುತ್ತಿತ್ತು. ಯಾರೂ ಬಿಡಿಸಿಕೊಳ್ಳದ ಸಾಮಾನು ಗಡುವು ಮುಗಿದ ಮೇಲೆ ಹರಾಜಿಗೆ ಹೋಗುತ್ತದೆ. ಉಗ್ರಾಣದವನು ಒಂದು ದಿನ ಇವನನ್ನು ತಡೆದು, ನಿಮ್ಮ ಅಕ್ಕಂದು ಸುಮ್ಮನೆ ಜಾಗ ಹಿಡಿದು ಕೂತಿದೆ, ಯಾವಾಗ ತೆಗೆಸುತ್ತೀರಿ ಎಂದು ಕೇಳಿದ. ಪಾಪ, ಅವನಿಗೇನು ಗೊತ್ತು. ಸೀಮೆಸುಣ್ಣ ಹೂಂ ಎಂದು ಗೊಣಗಿ ಇಳಿದ.

ಆ ವಾರವೇ ಒಂದು ಬೆಳಿಗ್ಗೆ ಅಕ್ಕ ತಲೆ ಬಾಚಿ, ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಿನ್ನ ಜೊತೆ ಆಫೀಸಿಗೆ ಬರುತ್ತೇನೆ, ಆ ಮಷೀನು ಬಿಡಿಸಿಕೊಳ್ಳಬೇಕು ಎಂದಳು. ರಜೆಯವರು ಮಷೀನು ಬಿಡಿಸಿಕೊಳ್ಳುವುದು ವಾಪಸ್ ಹೋಗುವಾಗ. ಸೀಮೆಸುಣ್ಣನ ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು. ಬಸ್ಸಿನಲ್ಲಿ ಅವನ ಬಾಯಿಗೆ ಬಿಡುವಿಲ್ಲ. ಚಿಕ್ಕಂದಿನಲ್ಲಿ ಅಕ್ಕ ಸೈಕಲ್ಲಿನಿಂದ ಬಿದ್ದದ್ದು, ಅಪ್ಪನ ಗೊರಕೆ, ಎಲ್ಲ ನೆನೆದು ನಕ್ಕ. ವಿಮಾನ ಎಷ್ಟು ಹೊತ್ತಿಗೆ ಎಂದೂ ಕೇಳಿಬಿಟ್ಟ, ಈಗ ಆ ಪ್ರಶ್ನೆಗೆ ಧೈರ್ಯವೇನೂ ಬೇಕಿರಲಿಲ್ಲ. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಳಿಯುವ ಸ್ಟಾಪು ಬಂತು ಎಂದಳು.

ಮೇಜಿನಲ್ಲಿ ಅದೇ ಮೇಡಂ. ಬೆಳಗಿನ ವಿಮಾನದವರೆಲ್ಲ ಹೋಗಿ ಹಜಾರ ಬರಿದಾಗಿತ್ತು, ನೆಲ ಒರೆಸುವವರು ಒಂದು ಕಡೆಯಿಂದ ಒರೆಸುತ್ತಾ ಬರುತ್ತಿದ್ದರು. ಮೇಡಂ ಚೀಟಿ ನೋಡಿ, ವಾಪಸ್ ಹೊರಟಿರಾ, ಟಿಕೆಟ್ ತೋರಿಸಿ ಎಂದರು.

ಅಕ್ಕ ಎರಡೂ ಕೈ ಮೇಜಿನ ಮೇಲೆ ಇಟ್ಟಳು. "ಟಿಕೆಟ್ ಇಲ್ಲ ಮೇಡಂ. ಅವತ್ತು ಸುಳ್ಳು ಹೇಳ್ದೆ. ನಾನು ವಾಪಸ್ ಹೋಗಲ್ಲ, ಬಂದೇಬಿಟ್ಟಿದ್ದೀನಿ."

ಸೀಮೆಸುಣ್ಣನ ಬಾಯಲ್ಲಿದ್ದ ನಗು ಅಲ್ಲೇ ಉಳಿಯಿತು, ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮೇಡಂ ಗದರಲಿಲ್ಲ. ಇಂಥದ್ದನ್ನು ನೋಡಿ ನೋಡಿ ಅವರಿಗೆ ಗದರುವ ಹುಮ್ಮಸ್ಸೂ ಹೋಗಿತ್ತು. ಸುಳ್ಳು ಹೇಳಿದ್ದಕ್ಕೆ ಒಂದು ಸಣ್ಣ ದಂಡ ಆಗುತ್ತದೆ, ಉಳಿದದ್ದು ಬದಲಾಯಿಸಿಕೊಡುತ್ತೇನೆ ಎಂದು ಪೆನ್ನು ತೆಗೆದರು. ಇಲ್ಲಿ ಎಲ್ಲಿರುತ್ತೀರಿ ಎಂಬುದನ್ನು ಬರೆಯಬೇಕಿತ್ತು.

"ಇವರ ಮನೇನೇ ಅಲ್ವಾ?" ಎಂದು ಸೀಮೆಸುಣ್ಣನ ಕಡೆ ತಿರುಗಿದರು.

ಅಕ್ಕನೂ ತಿರುಗಿದಳು. ಇಬ್ಬರು ಹೆಂಗಸರು, ಒಂದು ಮೇಜು, ನಡುವೆ ಅವನು. ಯಾವ ಮೇಜಿನಿಂದ ತಪ್ಪಿಸಿಕೊಳ್ಳಲು ನೆಲಮಾಳಿಗೆ ಸೇರಿದ್ದನೋ ಅದೇ ಮೇಜು, ಆದರೆ ಈ ಸಲ ಅವನು ನಿಂತದ್ದು ಎದುರುಗಡೆ. ಹೌದು ಎಂದರೆ ಮುಗಿಯಿತು. ಹೌದು ಎಂದೇ ಅನ್ನಬೇಕೆಂದು ಅವನು ಬಾಯಿ ತೆರೆದದ್ದೂ ನಿಜ. ನಾಲಿಗೆ ಒಣಗಿತ್ತು. ನೆಲ ಒರೆಸುವವರು ಬಕೆಟ್ಟು ಸರಿಸಿದ ಸದ್ದು ಕೇಳಿಸಿತು.

"ಅಲ್ಲ ಮೇಡಂ," ಎಂದಳು ಅಕ್ಕ. ತಮ್ಮನನ್ನು ಯಾರೋ ಬೈಯುವ ಮೊದಲೇ ಅಡ್ಡ ನಿಲ್ಲುವವಳ ಹಾಗೆ ಅವಸರವಾಗಿ ಹೇಳಿದಳು. "ನಾನು ಬೇರೆ ರೂಮ್ ಹಿಡಿದಿದ್ದೀನಿ, ಬಸ್ ಡಿಪೋ ಹಿಂದುಗಡೆ. ಕೆಳಗಡೆ ಬೇಕರಿ ಇದೆ, ಅಲ್ಲೇ ಕೆಲಸ. ಇವನ ಮನೇಲಿ ಮಗು ಓದ್ಕೊಳ್ತಾ ಇದೆ, ಜಾಗ ಸಾಲಲ್ಲ. ಇವನೂ ಎಷ್ಟೂಂತ ಮಾಡ್ತಾನೆ ಪಾಪ."

ತಿರುಗಾಡಿ ಬರುತ್ತೇನೆ ಎಂದು ದಿನವೂ ಹೋಗುತ್ತಿದ್ದದ್ದು ಇದಕ್ಕೆ. ಊದಿದ ಕಾಲು ಇದರದ್ದು. ಈ ವಯಸ್ಸಿನಲ್ಲಿ ಬಾಗಿಲು ಬಾಗಿಲು ತಟ್ಟಿ ಕೆಲಸ ಕೇಳಿ, ಕೋಣೆ ಕೇಳಿ, ಸಂಜೆ ಬಂದು ಪಾತ್ರೆ ತೊಳೆದಿದ್ದಾಳೆ. ಇಷ್ಟೆಲ್ಲ ಹೊಳೆದರೂ ಅವನಿಗೆ ಮೊದಲು ಆದದ್ದು ನಿರಾಳ. ಸದ್ಯ, ಎಂದು ಒಳಗೆ ಯಾವುದೋ ಒಂದು ಕಾಲು ಚಾಚಿ ಕೂತಿತು. ಆ ನಿರಾಳವನ್ನು ಅವನು ಸ್ಪಷ್ಟವಾಗಿ ಕಂಡ, ಪರದೆಯ ಮೇಲೆ ಕಂಡಷ್ಟೇ ಸ್ಪಷ್ಟವಾಗಿ. ಅದಾದ ಮೇಲೆ ನಾಚಿಕೆ ಬಂತು, ಅಕ್ಕನ ಮುಖ ನೋಡಲಾಗದೆ ಮೇಡಂ ಕೈಯ ಪೆನ್ನನ್ನು ನೋಡಿದ.

ಮೇಡಂ ಬರೆದುಕೊಂಡರು. ಉಗ್ರಾಣದವನು ಮಷೀನು ತಂದು ತಳ್ಳುಗಾಡಿಯ ಮೇಲಿಟ್ಟ. ತಳ್ಳುಗಾಡಿಯನ್ನು ತಮ್ಮ ತಳ್ಳಿದ, ಅಕ್ಕ ಮಷೀನಿನ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಡೆದಳು. ಹೊರಬಾಗಿಲ ಬಳಿ ಅವನೇ, ಪೆಟ್ಟಿಗೆಗೆ ಗೀಟು ಹಾಕಿದ್ದು ತಾನು ಎಂದ.

"ಗೊತ್ತು ಬಿಡೋ," ಎಂದಳು ಅಕ್ಕ. "ನಿನ್ನ ಕೆಲಸ ಅದು. ಕೆಲಸದಲ್ಲಿ ಅಕ್ಕ ತಮ್ಮ ಅಂತ ನೋಡೋಕಾಗುತ್ತಾ?"

"ಕೆಲಸಕ್ಕಲ್ಲ ಅಕ್ಕ. ನಿನ್ನನ್ನ ಕೇಳೋಕೆ ನನಗೆ ಬಾಯಿ ಬರ್ಲಿಲ್ಲ. ಅವರಾದ್ರೂ ಕೇಳ್ಲಿ ಅಂತ ಹಾಕ್ದೆ."

ಅಕ್ಕ ನಿಂತಳು. ಬೈಯುತ್ತಾಳೆ ಎಂದು ಅವನು ಕಾದ. ಚಿಕ್ಕಂದಿನ ಹಾಗೆ ಕೆನ್ನೆಗೆ ಒಂದು ಬಿಟ್ಟಿದ್ದರೂ ಅವನು ಅಲ್ಲೇ ಅವಳ ಕೈ ಹಿಡಿದುಕೊಂಡು ಅತ್ತುಬಿಡುತ್ತಿದ್ದ. ಆದರೆ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕೆಲಸ ಮುಗಿಸಿ ಬಂದವರ ದಣಿವಿತ್ತು.

"ಅವರು ಕೇಳಿದ್ರು ಕಣೋ," ಎಂದಳು. "ಬಂದೇಬಿಟ್ಟೆ ಅಂತ ಹೇಳೋಕೇ ತಲೆ ಎತ್ತಿದ್ದು ನಾನು. ನಿನ್ನ ಮುಖ ಕಾಣಿಸ್ತು."

ಟ್ಯಾಕ್ಸಿಯವನು ಇಳಿದು ಹಿಂದಿನ ಬಾಗಿಲು ತೆಗೆದ. ಇಬ್ಬರೂ ಸೇರಿ ಮಷೀನು ಎತ್ತಿ ಒಳಗಿಟ್ಟರು. ಪೆಟ್ಟಿಗೆಯನ್ನು ಸಂಜೆ ಬಂದು ತೆಗೆದುಕೊಂಡು ಹೋಗುತ್ತೇನೆ, ಹಾಗೇ ಮಗಳಿಗೂ ನಿನ್ನ ಹೆಂಡತಿಗೂ ಹೇಳಿ ಹೋಗುತ್ತೇನೆ ಎಂದಳು. ಅಕ್ಕ ಸೀಟಿನಲ್ಲಿ ಕೂತ ಮೇಲೆ ಸೀಮೆಸುಣ್ಣ ಕಿಟಕಿಗೆ ಬಗ್ಗಿದ. ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಬಾಯಿಗೆ ಬಂದದ್ದು, ಮನೆಗೆ ಬರ್ತಾ ಇರು ಅಕ್ಕ, ಎಂಬ ಎಲ್ಲರೂ ಎಲ್ಲರಿಗೂ ಹೇಳುವ ಮಾತು.

"ಬರ್ತೀನಿ," ಎಂದಳು ಅಕ್ಕ. ಆಮೇಲೆ ಚೀಲವನ್ನು ತೊಡೆಯ ಮೇಲೆ ಸರಿ ಮಾಡಿಕೊಳ್ಳುತ್ತಾ, ಹೊರಗಿನವರು ಕೇಳುವ ಹಾಗೆ ಕೇಳಿದಳು. "ಯಾವತ್ತು ಬಂದ್ರೆ ನಿಮಗೆ ಅನುಕೂಲ?"

ಅವನನ್ನು ಎತ್ತಿ ಬೆಳೆಸಿದವಳು. ಅವನ ಮನೆಯ ಬಾಗಿಲಿಗೆ ಹಣ ಕೊಟ್ಟವಳು. ಯಾವತ್ತು ಬೇಕಾದರೂ ಬಾ, ಈಗಲೇ ಬಾ, ಇಳಿ ಅಕ್ಕ, ಎನ್ನಬೇಕಿತ್ತು. ಅವನು ಮಾತ್ರ ಹೆಂಡತಿಗೆ ಬಿಡುವು ಯಾವಾಗ, ಮಗಳ ಪರೀಕ್ಷೆ ಯಾವಾಗ, ತನ್ನ ಪಾಳಿ ಯಾವತ್ತು ಎಂದು ಮನಸ್ಸಿನಲ್ಲೇ ನೋಡಿಕೊಂಡ.

"ಭಾನುವಾರ," ಎಂದ.

ಅಕ್ಕ ತಲೆಯಾಡಿಸಿ, ಡಿಪೋ ಹಿಂದುಗಡೆ ಹೋಗಪ್ಪಾ ಎಂದು ಟ್ಯಾಕ್ಸಿಯವನಿಗೆ ಹೇಳಿದಳು.